ಪಿಕಪ್ ಟ್ರಕ್ಕಿಗೆ ಮನೆಯಲ್ಲೇ ಮಾಡಿದ ರ್ಯಾಕ್: ಹಾರಿಹೋದ ಬಾಗಿಲು ಕಲಿಸಿದ ಪಾಠ

ಸನ್ನಿವೇಲ್: ಎರಡು ವರ್ಷದ ಹಿಂದಿನ ಮಾತು. ರಾಜ್ಯೋತ್ಸವದ ನಾಟಕಕ್ಕೆ ನಮ್ಮ ಮನೆಯ ಗ್ಯಾರೇಜಿನಲ್ಲೇ ರಂಗಸಜ್ಜಿಕೆ ತಯಾರಾಗಿತ್ತು. ನಾಲ್ಕಡಿ ಅಗಲ, ಎಂಟಡಿ ಉದ್ದದ ಮೂರು ಪ್ಲೈವುಡ್ ಹಲಗೆಗಳು. ಒಂದರ ಮೇಲೆ ತೊಟ್ಟಿಮನೆಯ ಕಂಬಗಳು, ಇನ್ನೊಂದರ ಮೇಲೆ ತುಳಸಿಕಟ್ಟೆ, ಮೂರನೆಯದರ ಮೇಲೆ ಮಾವಿನ ತೋರಣ ಕಟ್ಟಿದ ದೊಡ್ಡ ಬಾಗಿಲು. ನಾಲ್ಕು ವೀಕೆಂಡ್ ಕೂತು ಮಕ್ಕಳೂ ದೊಡ್ಡವರೂ ಸೇರಿ ಬಣ್ಣ ಬಳಿದಿದ್ದರು.

ಸಾಗಿಸುವ ಜವಾಬ್ದಾರಿ ನನ್ನದು. ಕಾರಣ ಸರಳ: ನಮ್ಮ ಗುಂಪಿನಲ್ಲಿ ಪಿಕಪ್ ಟ್ರಕ್ ಇರುವವನು ನಾನೊಬ್ಬನೇ! ಟ್ರಕ್ಕಿನ ಹಿಂಭಾಗ ಆರಡಿ, ಹಲಗೆ ಎಂಟಡಿ. ಒಂದು ತುದಿಯನ್ನು ಕ್ಯಾಬಿನ್ನಿನ ಚಾವಣಿಗೆ ಒರಗಿಸಿ, ಇನ್ನೊಂದು ತುದಿಯನ್ನು ಹಿಂದಿನ ಬಾಗಿಲಿಗೆ ಆನಿಸಿ, ನೈಲಾನ್ ಹಗ್ಗದಲ್ಲಿ ನಾಲ್ಕು ಸುತ್ತು ಬಿಗಿದೆ. ಕೈಯಿಂದ ತಟ್ಟಿ ನೋಡಿ "ಇನ್ನೇನೂ ಆಗಲ್ಲ" ಅಂದೆ. ಇಂಥ ಕೆಲಸ ಮಾಡುವ ಎಲ್ಲರೂ ಹೇಳುವ ಮಾತು ಇದೇ.

ಮನೆಯಿಂದ ಮಟಿಲ್ಡಾ ಅವೆನ್ಯೂವರೆಗೆ ಏನೂ ಆಗಲಿಲ್ಲ. ಗಂಟೆಗೆ ಮೂವತ್ತೈದು ಮೈಲಿಯಲ್ಲಿ ಹಲಗೆಗಳು ಅಲುಗಾಡಲೂ ಇಲ್ಲ. ಹೈವೇ 237 ಹತ್ತಿ ಮಿಲ್ಪಿಟಾಸ್ ಕಡೆಗೆ ವೇಗ ಹೆಚ್ಚಿಸಿದೆ. ಒಂದೆರಡು ನಿಮಿಷವಾಗಿರಬಹುದು, ಹಿಂದೆ ಪಟಪಟ ಸದ್ದು. ಕನ್ನಡಿಯಲ್ಲಿ ನೋಡುವಷ್ಟರಲ್ಲಿ ಬಾಗಿಲಿನ ಹಲಗೆ ಗಾಳಿಪಟದಂತೆ ಎದ್ದು, ಒಂದು ಸುತ್ತು ತಿರುಗಿ, ಹಿಂದಿನ ಲೇನಿಗೆ ಬಿತ್ತು. ಹಿಂದೆ ಬರುತ್ತಿದ್ದ ಕಾರು ಸರಕ್ಕನೆ ಪಕ್ಕಕ್ಕೆ ಸರಿದು ತಪ್ಪಿಸಿಕೊಂಡಿತು. ಪಕ್ಕದ ಲೇನಿನಲ್ಲಿ ಆ ಕ್ಷಣ ಯಾರೂ ಇರಲಿಲ್ಲ. ಯಾರಿಗೂ ಏನೂ ಆಗಲಿಲ್ಲ ಎಂದು ಇವತ್ತು ಬರೆಯಲು ಸಾಧ್ಯವಾಗಿರುವುದು ಅಷ್ಟರಿಂದ ಮಾತ್ರ. ನನ್ನ ಜಾಣತನದಿಂದ ಖಂಡಿತ ಅಲ್ಲ.

ರಸ್ತೆಯ ಬದಿಗೆ ನಿಲ್ಲಿಸಿ 911ಕ್ಕೆ ಫೋನ್ ಮಾಡಿದೆ. ಹಲಗೆ ಎತ್ತಲು ಲೇನಿನೊಳಗೆ ನಾನೇ ಓಡಲಿಲ್ಲ. ಆ ದಿನ ನಾನು ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅದು. ಹೈವೇ ಪೆಟ್ರೋಲ್ ಅಧಿಕಾರಿ ಬಂದು ಹಲಗೆ ತೆಗೆಸಿ, ನನಗೆ ಟಿಕೆಟ್ ಕೊಟ್ಟರು. ಕೊಡಬೇಕಾದದ್ದೇ. ನಾಟಕವೇನೋ ನಡೆಯಿತು, ತೊಟ್ಟಿಮನೆಗೆ ಬಾಗಿಲು ಮಾತ್ರ ಇರಲಿಲ್ಲ. ಪಾತ್ರಧಾರಿಗಳೆಲ್ಲ ತುಳಸಿಕಟ್ಟೆಯ ಪಕ್ಕದಿಂದಲೇ ಒಳಗೆ ಬಂದರು, ಪ್ರೇಕ್ಷಕರು ಸುಮ್ಮನೆ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಅದಾದ ಮೇಲೆ ಹಲವು ತಿಂಗಳು ಓದಿ, ಲೆಕ್ಕ ಹಾಕಿ, ಹೋದ ವರ್ಷ ಬೇಸಿಗೆಯಲ್ಲಿ ಟ್ರಕ್ಕಿಗೆ ಮರದ ರ್ಯಾಕ್ ಒಂದನ್ನು ನಾನೇ ಮಾಡಿದೆ. ಅದರ ವಿವರ ಇಲ್ಲಿದೆ. ಟ್ರಕ್ ಇಲ್ಲದವರೂ ದಯವಿಟ್ಟು ಓದಿ. ಕ್ಯಾಮ್ರಿಯ ಮೇಲೆ ಹಾಸಿಗೆ ಹೇರಿ, ಕಿಟಕಿಯಿಂದ ಒಂದು ಕೈ ಹೊರಗೆ ಹಾಕಿ ಹಿಡಿದುಕೊಂಡು ಬಂದ ದಿನಗಳು ನಮ್ಮಲ್ಲಿ ಎಷ್ಟು ಜನಕ್ಕೆ ಇಲ್ಲ ಹೇಳಿ?

ಹಲಗೆ ಯಾಕೆ ಹಾರಿತು?

ಭಾರವಾದ ವಸ್ತು ಹಾರುವುದಿಲ್ಲ ಎಂಬುದು ನಮ್ಮ ನಂಬಿಕೆ. ಅರ್ಧ ಇಂಚು ದಪ್ಪದ ನಾಲ್ಕು-ಎಂಟು ಪ್ಲೈವುಡ್ಡಿನ ತೂಕ ಸುಮಾರು 20 ಕಿಲೋ. ಅಕ್ಕಿ ಮೂಟೆಯಷ್ಟು. ಆದರೆ ಅಕ್ಕಿ ಮೂಟೆಗೂ ಹಲಗೆಗೂ ಒಂದು ವ್ಯತ್ಯಾಸವಿದೆ. ಹಲಗೆಯ ಮೈ ಸುಮಾರು ಮೂರು ಚದರ ಮೀಟರ್. ವಿಮಾನದ ರೆಕ್ಕೆಯ ಹಾಗೆ ಅದರ ಮುಂದಿನ ಅಂಚು ಸ್ವಲ್ಪ ಮೇಲೆದ್ದರೆ ಸಾಕು, ಕೆಳಗಿನಿಂದ ಗಾಳಿ ನುಗ್ಗಿ ಎತ್ತಲು ಶುರು ಮಾಡುತ್ತದೆ. ನಾನು ಒಂದು ತುದಿಯನ್ನು ಕ್ಯಾಬಿನ್ನಿಗೆ ಒರಗಿಸಿ ಮೊದಲೇ ಅದನ್ನು ರೆಕ್ಕೆಯ ಹಾಗೆ ನಿಲ್ಲಿಸಿಕೊಟ್ಟಿದ್ದೆ!

ಅಂದಾಜು ಲೆಕ್ಕ ಹೀಗಿದೆ. ಹಲಗೆಯ ಮುಂದಿನ ಅಂಚು ಹತ್ತು ಡಿಗ್ರಿ ಎದ್ದಿದ್ದರೆ, ಗಂಟೆಗೆ 35 ಮೈಲಿ ವೇಗದಲ್ಲಿ ಗಾಳಿ ಅದನ್ನು ಸುಮಾರು 11 ಕಿಲೋ ತೂಕಕ್ಕೆ ಸಮನಾದ ಬಲದಿಂದ ಎತ್ತುತ್ತದೆ. ಹಲಗೆ 20 ಕಿಲೋ ಇದೆ, ಆದ್ದರಿಂದ ಕೂತೇ ಇರುತ್ತದೆ. 65 ಮೈಲಿ ವೇಗದಲ್ಲಿ ಅದೇ ಬಲ ಸುಮಾರು 38 ಕಿಲೋ ಆಗುತ್ತದೆ. ಹಲಗೆಯ ತೂಕದ ಹತ್ತಿರ ಹತ್ತಿರ ಎರಡು ಪಟ್ಟು. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದೇ ಇದಕ್ಕೆ ಕಾರಣ. ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು.

ಇದರಿಂದ ಒಂದು ಮುಖ್ಯ ವಿಷಯ ತಿಳಿಯುತ್ತದೆ. ಮನೆಯ ಸುತ್ತ ಒಂದು ರೌಂಡ್ ಹಾಕಿ "ಸರಿಯಾಗಿದೆ" ಅನ್ನುವ ಪರೀಕ್ಷೆಗೆ ಬೆಲೆಯಿಲ್ಲ. ಪರೀಕ್ಷೆ ಪಾಸಾಗಿದ್ದು 35 ಮೈಲಿಗೆ, ಬಂಡವಾಳ ಬಯಲಾಗುವುದು 65ಕ್ಕೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಹತ್ತು ಜನ ಬಳಸಿದಾಗ ಚೆನ್ನಾಗಿ ಓಡಿದ ಪ್ರೋಗ್ರಾಮು ಸಾವಿರ ಜನ ಬಂದಾಗ ಬಿದ್ದ ಹಾಗೆ. ಹಾಸಿಗೆಯನ್ನು ಒಂದು ಕೈಯಲ್ಲಿ ಹಿಡಿದುಕೊಳ್ಳುವವರು ಈ 38 ಕಿಲೋ ನೆನಪಿಟ್ಟುಕೊಳ್ಳಲಿ. ಹಾಸಿಗೆಯ ಮೈಯೂ ಹೆಚ್ಚುಕಡಿಮೆ ಅಷ್ಟೇ. ಕೈ ಅದನ್ನು ಹಿಡಿಯಲಾರದು.

ಇದು ತಮಾಷೆಯ ವಿಷಯವಲ್ಲ

2004ರ ಫೆಬ್ರವರಿಯಲ್ಲಿ ವಾಷಿಂಗ್ಟನ್ ರಾಜ್ಯದ ರೆಂಟನ್ ಹತ್ತಿರ, ಅಂತರರಾಜ್ಯ ಹೆದ್ದಾರಿ 405ರಲ್ಲಿ ಮರಿಯಾ ಫೆಡರಿಚಿ ಎಂಬ 24 ವರ್ಷದ ಯುವತಿ ಕಾರಿನಲ್ಲಿ ಹೋಗುತ್ತಿದ್ದರು. ಮುಂದೆ ಹೋಗುತ್ತಿದ್ದ ಟ್ರೇಲರಿನಿಂದ ಟಿವಿ ಇಡುವ ಕಪಾಟಿನ ಹಲಗೆಯೊಂದು ಹಾರಿ, ಅವರ ಕಾರಿನ ಗಾಜು ಒಡೆದು ಮುಖಕ್ಕೆ ಬಡಿಯಿತು. ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ. ಅವರ ತಾಯಿ ಪಟ್ಟುಹಿಡಿದು ಹೋರಾಡಿದ್ದರಿಂದ 2005ರಲ್ಲಿ ಆ ರಾಜ್ಯ ಹೊಸ ಕಾನೂನು ತಂದಿತು. ಸರಿಯಾಗಿ ಕಟ್ಟದ ಸಾಮಾನು ಬಿದ್ದು ಯಾರಿಗಾದರೂ ತೀವ್ರ ಗಾಯವಾದರೆ ಅದು ಅಲ್ಲಿ ಅಪರಾಧ. ಜನ ಅದನ್ನು "ಮರಿಯಾಳ ಕಾನೂನು" ಎಂದೇ ಕರೆಯುತ್ತಾರೆ.

ಇದು ಎಲ್ಲೋ ಒಮ್ಮೆ ಆಗುವ ಸಂಗತಿಯೂ ಅಲ್ಲ. ಎಎಎ ಸಂಸ್ಥೆಯ ಸಂಚಾರ ಸುರಕ್ಷತಾ ಪ್ರತಿಷ್ಠಾನ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2011ರಿಂದ 2014ರವರೆಗಿನ ನಾಲ್ಕು ವರ್ಷಗಳಲ್ಲಿ ರಸ್ತೆಯ ಮೇಲೆ ಬಿದ್ದ ವಸ್ತುಗಳಿಂದ ಅಮೆರಿಕದಲ್ಲಿ 2 ಲಕ್ಷಕ್ಕೂ ಹೆಚ್ಚು ಅಪಘಾತಗಳಾದವು. ಸುಮಾರು 39 ಸಾವಿರ ಜನ ಗಾಯಗೊಂಡರು, 500ಕ್ಕೂ ಹೆಚ್ಚು ಜನ ಸತ್ತರು. ಇಂಥ ಅಪಘಾತಗಳಲ್ಲಿ ಸುಮಾರು ಮೂರನೇ ಎರಡರಷ್ಟಕ್ಕೆ ಕಾರಣ, ವಾಹನದಿಂದ ಕಳಚಿ ಬಿದ್ದ ಭಾಗಗಳು ಅಥವಾ ಸರಿಯಾಗಿ ಕಟ್ಟದ ಸಾಮಾನು. ಸತ್ತವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಾವು ವಸ್ತು ಬಡಿದಲ್ಲ, ಅದನ್ನು ತಪ್ಪಿಸಲು ಸರಕ್ಕನೆ ಸ್ಟೀರಿಂಗ್ ತಿರುಗಿಸಿದಾಗ ಆದದ್ದು. ಇದನ್ನು ಓದಿದಾಗ ನನ್ನ ಹಿಂದಿದ್ದ ಆ ಕಾರು ನೆನಪಾಯಿತು.

ಕಾನೂನು ಏನು ಹೇಳುತ್ತದೆ?

ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯಲ್ಲಿ ನಮಗೆ ಬೇಕಾದ ಮುಖ್ಯ ಅಂಶಗಳು ಇಷ್ಟು:

ಒಂದು, 23114ನೇ ಸೆಕ್ಷನ್. ವಾಹನದಲ್ಲಿರುವ ಯಾವ ವಸ್ತುವೂ ರಸ್ತೆಗೆ ಬೀಳಬಾರದು, ಸೋರಬಾರದು, ಹಾರಬಾರದು. ಇದಕ್ಕೆ ಎರಡೇ ವಿನಾಯಿತಿ: ಶುದ್ಧ ನೀರು ಮತ್ತು ಜೀವಂತ ಹಕ್ಕಿಗಳ ಪುಕ್ಕ! ನಗು ಬಂದರೂ ಇದು ನಿಜ. ತೊಟ್ಟಿಮನೆಯ ಬಾಗಿಲಿಗೆ ವಿನಾಯಿತಿ ಇಲ್ಲ.

ಎರಡು, 24604ನೇ ಸೆಕ್ಷನ್. ಸಾಮಾನು ಹಿಂದಿನ ದೀಪಗಳಿಂದ 4 ಅಡಿ ಅಥವಾ ಅದಕ್ಕಿಂತ ಹೆಚ್ಚು ಹೊರಗೆ ಚಾಚಿದ್ದರೆ, ಹಗಲಲ್ಲಿ ಅದರ ತುದಿಗೆ ಕನಿಷ್ಠ 12 ಇಂಚು ಚೌಕದ ಕೆಂಪು ಅಥವಾ ಹೊಳೆಯುವ ಕಿತ್ತಳೆ ಬಣ್ಣದ ಬಟ್ಟೆ ಕಟ್ಟಬೇಕು. ಕತ್ತಲಲ್ಲಿ ಬಟ್ಟೆ ಸಾಲದು, ಎರಡು ಕೆಂಪು ದೀಪ ಬೇಕು.

ಮೂರು, 35406ನೇ ಸೆಕ್ಷನ್. ಮುಂದಿನ ಬಂಪರಿನಿಂದ 3 ಅಡಿಗಿಂತ ಹೆಚ್ಚು ಮುಂದೆ ಸಾಮಾನು ಚಾಚಬಾರದು.

ನಾಲ್ಕು, ಕಾರಿನ ಮೇಲೆ ಹೇರುವವರಿಗೆ 35111ನೇ ಸೆಕ್ಷನ್. ಎಡಗಡೆ ಸಾಮಾನು ಫೆಂಡರಿನ ಗೆರೆ ದಾಟುವಂತಿಲ್ಲ. ಬಲಗಡೆ 6 ಇಂಚಿನವರೆಗೆ ಮಾತ್ರ ದಾಟಬಹುದು.

ಇವುಗಳ ಜೊತೆಗೆ ಸಾಮಾನ್ಯ ತಿಳಿವಳಿಕೆಯ ಮಾತು: ರ್ಯಾಕ್ ಆಗಲಿ ಸಾಮಾನಾಗಲಿ ನಂಬರ್ ಪ್ಲೇಟನ್ನು, ಹಿಂದಿನ ದೀಪಗಳನ್ನು, ಕ್ಯಾಬಿನ್ನಿನ ಹಿಂದೆ ಮೇಲಿರುವ ಮೂರನೇ ಬ್ರೇಕ್ ದೀಪವನ್ನು ಮುಚ್ಚಬಾರದು.

ಅಪ್ಪ ಬಂದರು, ಕೆಲಸ ಶುರುವಾಯಿತು

ನನ್ನದು ಹಳೆಯ ಟೊಯೋಟಾ ಟಕೋಮ. ಸನ್ನಿವೇಲ್‌ಗೆ ಅದು ಪರಕೀಯವಲ್ಲ, ಹುಟ್ಟಿದ್ದೇ ಪಕ್ಕದ ಫ್ರೀಮಾಂಟಿನಲ್ಲಿ. ಜನರಲ್ ಮೋಟರ್ಸ್ ಮತ್ತು ಟೊಯೋಟಾ ಸೇರಿ 1984ರಲ್ಲಿ ಶುರು ಮಾಡಿದ ನುಮ್ಮಿ ಕಾರ್ಖಾನೆಯಲ್ಲಿ 2010ರವರೆಗೆ ಈ ಟ್ರಕ್ಕುಗಳು ತಯಾರಾಗುತ್ತಿದ್ದವು. ಅದೇ ಕಟ್ಟಡ ಆಮೇಲೆ ಟೆಸ್ಲಾ ಪಾಲಾಯಿತು.

ಹೋದ ವರ್ಷ ಬೇಸಿಗೆಗೆ ಅಪ್ಪ ಅಮ್ಮ ಊರಿಂದ ಬಂದರು. ಚನ್ನರಾಯಪಟ್ಟಣದ ಕಡೆಯ ಹಳ್ಳಿ ನಮ್ಮದು. ಅಪ್ಪ ಚಿಕ್ಕ ವಯಸ್ಸಿನಲ್ಲಿ ಎಷ್ಟೋ ಗಾಡಿ ಹುಲ್ಲು ಹೇರಿದವರು. ಬಂದ ಮೂರನೇ ದಿನಕ್ಕೇ ಅವರಿಗೆ ಇಲ್ಲಿ ಬೇಜಾರು ಹತ್ತಿತ್ತು. ನಾನು ಕಂಪ್ಯೂಟರಿನಲ್ಲಿ ಬರೆದ ರ್ಯಾಕಿನ ಚಿತ್ರ ತೋರಿಸಿದೆ. ಕನ್ನಡಕ ಏರಿಸಿ ನೋಡಿ ಹೇಳಿದರು:

"ಚಿತ್ರ ಚೆನ್ನಾಗೈತೆ ಕಣಪ್ಪ. ಇದು ಮುಂದಕ್ಕೆ ಹೋಗದಂಗೆ ಏನು ಹಿಡ್ಕೊಂಡೈತೆ?"

"ಬೋಲ್ಟು ಹಾಕ್ತೀನಲ್ಲಪ್ಪ."

"ಬೋಲ್ಟು ಬಿಗಿ ಹಿಡಿಯೋಕೆ. ತಡೆಯೋಕೆ ಏನೈತೆ? ಹಗ್ಗ ನಂಬ್ಕೊಂಡು ಹೇರಬಾರದು. ಹಗ್ಗ ಇಲ್ದೇನೂ ಕೂತಿರಬೇಕು, ಹಗ್ಗ ಅದರ ಮೇಲೊಂದು ಭದ್ರ."

ನನ್ನ ಇಡೀ ಚಿತ್ರ ಬದಲಾದದ್ದು ಈ ಒಂದು ಮಾತಿನಿಂದ. ಎತ್ತಿನ ಗಾಡಿಯಲ್ಲಿ ಪಕ್ಕಕ್ಕೆ ಗೂಟ ನೆಟ್ಟಿರುವುದು ಇದಕ್ಕೇ. ಹುಲ್ಲು ಪಕ್ಕಕ್ಕೆ ಜಾರದ ಹಾಗೆ ಗೂಟ ತಡೆಯುತ್ತದೆ, ಹಗ್ಗ ಮೇಲಿನಿಂದ ಒತ್ತಿ ಹಿಡಿಯುತ್ತದೆ. ಅಮೆರಿಕದ ಕೆಲವು ಟ್ರಕ್ಕುಗಳ ಪಕ್ಕದ ಗೋಡೆಯ ಮೇಲಂಚಿನಲ್ಲಿ ಚೌಕದ ಗುಣಿಗಳಿರುವುದನ್ನು ನೀವು ನೋಡಿರಬಹುದು. ಅವು ಗೂಟ ನೆಡುವ ಗುಣಿಗಳೇ!

ಆರು ದಿಕ್ಕಿನ ಲೆಕ್ಕ

ರ್ಯಾಕ್ ಯಾವ ಕಡೆ ಹೋಗಬಹುದು? ಮುಂದೆ, ಹಿಂದೆ, ಎಡ, ಬಲ, ಕೆಳಗೆ, ಮೇಲೆ. ಆರೂ ದಿಕ್ಕಿಗೆ ಒಂದೊಂದು ತಡೆ ಬೇಕು.

ನನ್ನ ರ್ಯಾಕಿಗೆ ನಾಲ್ಕು ಕಾಲು. ನಾಲ್ಕೂ ಟ್ರಕ್ಕಿನ ಹಿಂಭಾಗದ ಒಳಗೆ, ನಾಲ್ಕು ಮೂಲೆಯಲ್ಲಿ, ನೆಲದ ಮೇಲೆ ನಿಂತಿವೆ. ಭಾರವೆಲ್ಲ ಕಾಲಿನ ಮೂಲಕ ನೆಲಕ್ಕೆ ಇಳಿಯುತ್ತದೆ, ಆದ್ದರಿಂದ ಕೆಳಗಿನ ದಿಕ್ಕು ಭದ್ರ. ಮುಂದಿನ ಕಾಲುಗಳು ಮುಂದಿನ ಗೋಡೆಗೆ ಒತ್ತಿವೆ, ಬ್ರೇಕ್ ಹಾಕಿದಾಗ ಗೋಡೆ ತಡೆಯುತ್ತದೆ. ಹಿಂದಿನ ಕಾಲುಗಳು ಮುಚ್ಚಿದ ಹಿಂಬಾಗಿಲಿಗೆ ತಾಗಿವೆ. ಎಡ ಬಲ ಕಾಲುಗಳು ಪಕ್ಕದ ಗೋಡೆಗಳಿಗೆ ಅಂಟಿವೆ. ತಾಗುವ ಕಡೆಯಲ್ಲೆಲ್ಲ ಹಳೆಯ ಟಯರ್ ಟ್ಯೂಬಿನ ರಬ್ಬರು ಕೊಟ್ಟಿದ್ದೇನೆ. ಉಳಿದದ್ದು ಮೇಲಿನ ದಿಕ್ಕು. ಟ್ರಕ್ಕಿನೊಳಗೆ ಹಗ್ಗ ಕಟ್ಟಲು ನಾಲ್ಕು ಕೊಕ್ಕೆಗಳಿವೆ. ಪ್ರತಿ ಕಾಲಿನಿಂದ ಒಂದೊಂದು ತಿರುಪಿನ ಬಿಗಿಕೊಕ್ಕೆ ಹಾಕಿ ರ್ಯಾಕನ್ನು ಕೆಳಕ್ಕೆ ಎಳೆದು ಕಟ್ಟಿದ್ದೇನೆ. ಟ್ರಕ್ಕಿಗೆ ಒಂದು ತೂತೂ ಕೊರೆದಿಲ್ಲ. ತುಕ್ಕಿನ ಭಯವಿಲ್ಲ. ಬೇಡವಾದಾಗ ನಾಲ್ಕು ಕೊಕ್ಕೆ ಸಡಿಲಿಸಿ ಇಬ್ಬರು ಎತ್ತಿ ಇಳಿಸಬಹುದು.

ಒಂದು ಎಚ್ಚರಿಕೆ. ಹೆಸರಿಗೆ ರೂಫ್ ರ್ಯಾಕ್ ಆದರೂ ಇದು ಕ್ಯಾಬಿನ್ನಿನ ಚಾವಣಿಗೆ ತಾಗಲೇಬಾರದು. ಇಂಥ ಪಿಕಪ್ ಟ್ರಕ್ಕಿನಲ್ಲಿ ಕ್ಯಾಬಿನ್ನು ಮತ್ತು ಹಿಂಭಾಗ ಎರಡೂ ಬೇರೆ ಬೇರೆ ಪೆಟ್ಟಿಗೆಗಳು, ಒಂದೇ ಚಾಸಿಯ ಮೇಲೆ ಬೇರೆ ಬೇರೆಯಾಗಿ ಕೂತಿರುತ್ತವೆ. ಗುಂಡಿ ಬಂದಾಗ ಎರಡೂ ಬೇರೆ ಬೇರೆಯಾಗಿ ಓಲಾಡುತ್ತವೆ. ಎರಡಕ್ಕೂ ಸೇರಿಸಿ ಬಿಗಿದರೆ ಒಂದೋ ರ್ಯಾಕ್ ಸೀಳುತ್ತದೆ, ಇಲ್ಲವೇ ಚಾವಣಿ ನುಗ್ಗಾಗುತ್ತದೆ. ಆದ್ದರಿಂದ ಕಾಲುಗಳೆಲ್ಲ ಹಿಂಭಾಗದಲ್ಲೇ ಇರಲಿ. ಮೇಲಿನ ತೊಲೆಗಳು ಮಾತ್ರ ಚಾವಣಿಗಿಂತ ಮೂರು ಇಂಚು ಎತ್ತರದಲ್ಲಿ ಮುಂದಕ್ಕೆ ಎರಡಡಿ ಚಾಚಿರಲಿ.

ಸಾಮಾನು ಮತ್ತು ಕಟ್ಟುವ ಕ್ರಮ

ಇಲ್ಲಿನ ಮನೆಗಳನ್ನೆಲ್ಲ ಕಟ್ಟುವ ಡಗ್ಲಾಸ್ ಫರ್ ಮರವನ್ನೇ ತೆಗೆದುಕೊಂಡೆ. ಕಾಲುಗಳಿಗೆ ನಾಲ್ಕು-ನಾಲ್ಕು, ಉಳಿದದ್ದಕ್ಕೆಲ್ಲ ಎರಡು-ನಾಲ್ಕು. ಹೊಸದಾಗಿ ಕೆಲಸ ಶುರು ಮಾಡುವವರಿಗೆ ಒಂದು ಮಾತು: ಎರಡು-ನಾಲ್ಕು ಅನ್ನುವುದು ಹೆಸರಿಗಷ್ಟೇ, ಅಳತೆ ಮಾಡಿದರೆ ಒಂದೂವರೆ ಇಂಚು ದಪ್ಪ, ಮೂರೂವರೆ ಇಂಚು ಅಗಲ. ಇದು ಗೊತ್ತಿಲ್ಲದೆ ನನ್ನ ಮೊದಲ ಚಿತ್ರದ ಅಳತೆಗಳೆಲ್ಲ ಅರ್ಧರ್ಧ ಇಂಚು ತಪ್ಪಿದ್ದವು. ಅಪ್ಪನಿಗೆ ಇದನ್ನು ವಿವರಿಸಲು ಹೋಗಿ ಸೋತೆ. "ನಾಲ್ಕು ಅಂತ ದುಡ್ಡು ಇಸ್ಕೊಂಡು ಮೂರೂವರೆ ಕೊಡ್ತಾರಾ?" ಎಂದು ಇಡೀ ದಿನ ಗೊಣಗಿದರು.

ಕ್ರಮ ಹೀಗೆ. ಮೊದಲು ಎರಡು ಪಕ್ಕಗಳನ್ನು ನೆಲದ ಮೇಲೆ ಮಲಗಿಸಿಯೇ ಜೋಡಿಸಿ. ಒಂದೊಂದು ಪಕ್ಕಕ್ಕೆ ಎರಡು ಕಾಲು, ಮೇಲೆ ಎಂಟಡಿಯ ಒಂದು ಉದ್ದ ತೊಲೆ, ನಡುವೆ ಕಾಲುಗಳನ್ನು ಜೋಡಿಸುವ ಒಂದು ಪಟ್ಟಿ. ಆಮೇಲೆ ಎರಡೂ ಪಕ್ಕಗಳನ್ನು ಟ್ರಕ್ಕಿನೊಳಗೆ ನಿಲ್ಲಿಸಿ, ಮೇಲೆ ಮೂರು ಅಡ್ಡಪಟ್ಟಿಗಳನ್ನು ಹಾಕಿ. ಮುಂದಿನ ಕಾಲುಗಳ ಮೇಲೊಂದು, ಹಿಂದಿನ ಕಾಲುಗಳ ಮೇಲೊಂದು, ನಡುವೆ ಒಂದು.

ಅಡ್ಡಪಟ್ಟಿಯನ್ನು ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ. ಅದೇ ಮರ, ಅದೇ ದುಡ್ಡು. ಆದರೆ ನಿಲ್ಲಿಸಿದ ಎರಡು-ನಾಲ್ಕು ಮಲಗಿಸಿದ್ದಕ್ಕಿಂತ ಎರಡೂ ಕಾಲು ಪಟ್ಟಿಗಿಂತ ಹೆಚ್ಚು ಭಾರ ಹೊರುತ್ತದೆ, ಬಾಗುವುದಂತೂ ಐದನೇ ಒಂದು ಭಾಗಕ್ಕಿಂತ ಕಡಿಮೆ. ಊರಲ್ಲಿ ಹೆಂಚಿನ ಮನೆಯ ಜಂತಿಗಳನ್ನು ನೆನಪಿಸಿಕೊಳ್ಳಿ.

ಇನ್ನು ಅತಿ ಮುಖ್ಯವಾದ ಭಾಗ, ಓರೆಪಟ್ಟಿ. ನಾಲ್ಕು ಕಾಲು, ಮೇಲೊಂದು ಚೌಕಟ್ಟು ಇದ್ದರೆ ನೋಡಲು ಗಟ್ಟಿಯಾಗಿ ಕಾಣುತ್ತದೆ. ಬ್ರೇಕ್ ಹಾಕಿದಾಗ ಅದು ಬೆಂಕಿಪೊಟ್ಟಣದ ಹೊರಕವಚವನ್ನು ಒತ್ತಿದ ಹಾಗೆ ಮುಂದಕ್ಕೆ ವಾಲುತ್ತದೆ. ಇಲ್ಲಿನ ವಾಣಿಜ್ಯ ಲಾರಿಗಳ ಕೇಂದ್ರ ನಿಯಮದ ಪ್ರಕಾರ, ಸಾಮಾನಿನ ತೂಕದ ನೂರಕ್ಕೆ ಎಂಬತ್ತರಷ್ಟು ಬಲ ಮುಂದಕ್ಕೆ ತಳ್ಳಿದರೂ, ನೂರಕ್ಕೆ ಐವತ್ತರಷ್ಟು ಪಕ್ಕಕ್ಕೆ ಅಥವಾ ಹಿಂದಕ್ಕೆ ತಳ್ಳಿದರೂ ಕಟ್ಟು ತಡೆಯಬೇಕು. ನಮ್ಮಂಥವರ ಟ್ರಕ್ಕಿಗೆ ಆ ನಿಯಮ ಅನ್ವಯಿಸದಿದ್ದರೂ ಲೆಕ್ಕಕ್ಕೆ ಒಳ್ಳೆಯ ಅಳತೆಗೋಲು. ಅಂದರೆ 100 ಕಿಲೋ ಸಾಮಾನು ಹೇರಿದರೆ, ಜೋರಾಗಿ ಬ್ರೇಕ್ ಹಾಕಿದಾಗ 80 ಕಿಲೋ ಬಲ ರ್ಯಾಕಿನ ನೆತ್ತಿಯನ್ನು ಮುಂದಕ್ಕೆ ತಳ್ಳುತ್ತದೆ. ಇದನ್ನು ತಡೆಯುವುದು ತ್ರಿಕೋನ ಮಾತ್ರ. ಚೌಕ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಎರಡೂ ಪಕ್ಕಗಳಿಗೆ ಕಾಲಿನಿಂದ ತೊಲೆಗೆ ಓರೆಯಾಗಿ ಎರಡೆರಡು ಪಟ್ಟಿ ಕೊಟ್ಟೆ. ಮುಂದೆ ಮತ್ತು ಹಿಂದೆ ಕನ್ನಡಿಯ ನೋಟಕ್ಕೆ ಅಡ್ಡ ಬರಬಾರದೆಂದು ಮೂಲೆಗಳಿಗೆ ಮಾತ್ರ ಪ್ಲೈವುಡ್ಡಿನ ತ್ರಿಕೋನ ತುಂಡುಗಳನ್ನು ಬಿಗಿದೆ.

ಜೋಡಿಸಲು ಸ್ಕ್ರೂ ಬೇಡ, ಬೋಲ್ಟು ಬೇಕು. ಗೋಡೆಯ ಹಲಗೆಗೆ ಹೊಡೆಯುವ ಕಪ್ಪು ಸ್ಕ್ರೂಗಳಂತೂ ಬೇಡವೇ ಬೇಡ, ಅವು ಬಾಗುವ ಮೊದಲೇ ಮುರಿಯುತ್ತವೆ. ಮೂರು-ಎಂಟಾಂಶ ಇಂಚಿನ ಬೋಲ್ಟು, ಅಗಲವಾದ ವಾಷರು, ಒಳಗೆ ನೈಲಾನ್ ಉಂಗುರವಿರುವ ನಟ್ಟು. ಈ ನೈಲಾನ್ ಉಂಗುರ ಇರುವುದರಿಂದ ರಸ್ತೆಯ ಅದುರಿಗೆ ನಟ್ಟು ಸಡಿಲವಾಗುವುದಿಲ್ಲ. ಕೊನೆಗೆ ಹೊರಾಂಗಣದ ಬಣ್ಣ ಎರಡು ಕೋಟು. ನಮ್ಮ ಚಳಿಗಾಲದ ಮಳೆಗೆ ಬಣ್ಣವಿಲ್ಲದ ಮರ ಹೆಚ್ಚು ದಿನ ಬಾಳುವುದಿಲ್ಲ.

ಮರ, ಬೋಲ್ಟು, ಬಣ್ಣ, ಕೊಕ್ಕೆ ಎಲ್ಲ ಸೇರಿ ನನಗೆ ನೂರೈವತ್ತು ಡಾಲರಿನೊಳಗೆ ಮುಗಿಯಿತು. ಎರಡು ಶನಿವಾರ, ಒಂದು ಭಾನುವಾರ ಹಿಡಿಯಿತು. ಬೋಲ್ಟು ಕೊಳ್ಳುವಾಗ ಹಳೆಯ ಓ.ಎಸ್.ಎಚ್. ಅಂಗಡಿಯ ನೆನಪು ಬಂತು. 1931ರಲ್ಲಿ ಸ್ಯಾನ್ ಹೊಸೆಯ ತೋಟದ ರೈತರ ಸಹಕಾರಿಯಾಗಿ ಹುಟ್ಟಿದ ಆ ಅಂಗಡಿಗಳು 2018ರಲ್ಲಿ ಮುಚ್ಚಿದವು. ಅಲ್ಲಿ ಒಂದೇ ಒಂದು ನಟ್ಟು ಬೇಕೆಂದರೂ ಹುಡುಕಿ ಕೊಡುವ ಹಿರಿಯರಿರುತ್ತಿದ್ದರು.

ಎಷ್ಟು ಹೇರಬಹುದು?

ಡ್ರೈವರ್ ಬಾಗಿಲಿನ ಚೌಕಟ್ಟಿನ ಮೇಲಿರುವ ಸ್ಟಿಕ್ಕರ್ ಮತ್ತು ಟ್ರಕ್ಕಿನ ಕೈಪಿಡಿ ನೋಡಿ. ಎಷ್ಟು ತೂಕ ಹೊರಬಹುದೆಂದು ಅವುಗಳಿಂದ ತಿಳಿಯುತ್ತದೆ. ಆ ತೂಕದಲ್ಲಿ ನೀವೂ, ನಿಮ್ಮ ಮನೆಯವರೂ, ರ್ಯಾಕೂ ಸೇರುತ್ತೀರಿ. ನನ್ನ ರ್ಯಾಕೇ ಸುಮಾರು 45 ಕಿಲೋ ಇದೆ. ಭಾರ ಮೇಲಿದ್ದಷ್ಟೂ ತಿರುವಿನಲ್ಲಿ ಟ್ರಕ್ಕು ವಾಲುತ್ತದೆ. ಹಾಗಾಗಿ ನಾನು ಹಾಕಿಕೊಂಡ ನಿಯಮ: ಭಾರವಾದದ್ದು ಕೆಳಗೆ ನೆಲದ ಮೇಲೆ, ಉದ್ದವಾದದ್ದು ಮಾತ್ರ ಮೇಲೆ, ಮೇಲೆ 100 ಕಿಲೋ ಮೀರುವಂತಿಲ್ಲ.

ಹಿಂದೆ ಮುಂದೆ ಹೇಗೆ ಹೊಂದಿಸುವುದು ಎಂಬುದಕ್ಕೂ ಅಪ್ಪನದೇ ಪಾಠ. "ಮುಂಭಾರ ಆದ್ರೆ ಎತ್ತಿನ ಹೆಗಲು ನೋಯ್ತದೆ, ಹಿಂಭಾರ ಆದ್ರೆ ನೊಗ ಮೇಲೇಳ್ತದೆ." ಟ್ರಕ್ಕಿಗೂ ಇದೇ ಸರಿ. ಹಿಂದಿನ ಅಚ್ಚಿನ ಆಚೆಗೆ ಹೆಚ್ಚು ಭಾರ ಬಿದ್ದರೆ ಮುಂದಿನ ಚಕ್ರಗಳು ಹಗುರವಾಗುತ್ತವೆ. ಸ್ಟೀರಿಂಗ್ ಮಾತು ಕೇಳುವುದಿಲ್ಲ.

ಕಟ್ಟುವುದು ಹೇಗೆ?

ಹಲ್ಲಿನ ಬಿಗಿಪಟ್ಟಿ, ಅಂದರೆ ರ್ಯಾಚೆಟ್ ಪಟ್ಟಿಯನ್ನೇ ಬಳಸಿ. ಎಳೆದರೆ ಹಿಗ್ಗುವ ಬಂಜಿ ಹಗ್ಗ ಬೇಡ. ಗಾಳಿ ಎತ್ತಿದಾಗ ಅದೂ ಜೊತೆಗೇ ಹಿಗ್ಗುತ್ತದೆ. ಪಟ್ಟಿಯ ಮೇಲೆ ಎರಡು ಸಂಖ್ಯೆಗಳಿರುತ್ತವೆ. ದೊಡ್ಡದು ಪಟ್ಟಿ ಹರಿಯುವ ಬಲ, ಚಿಕ್ಕದು ಕೆಲಸಕ್ಕೆ ನಂಬಬಹುದಾದ ಬಲ. ಎರಡನೆಯದು ಮೊದಲನೆಯದರ ಮೂರನೇ ಒಂದು ಭಾಗ. ಲೆಕ್ಕಕ್ಕೆ ಚಿಕ್ಕದನ್ನೇ ಹಿಡಿಯಿರಿ.

ಹಲಗೆ ಎಷ್ಟೇ ಇರಲಿ, ಅಡ್ಡಲಾಗಿ ಕನಿಷ್ಠ ಎರಡು ಪಟ್ಟಿ. ಅದರ ಜೊತೆಗೆ ಮುಂದಿನ ಅಂಚನ್ನು ಕೆಳಕ್ಕೆ ಎಳೆದು ಹಿಡಿಯುವ ಒಂದು ಪಟ್ಟಿ ಇರಲೇಬೇಕು. ಮುಂದಿನ ಅಂಚು ಏಳದಿದ್ದರೆ ಹಲಗೆ ರೆಕ್ಕೆಯಾಗುವುದೇ ಇಲ್ಲ. ನನ್ನ ತೊಟ್ಟಿಮನೆಯ ಬಾಗಿಲಿಗೆ ಇಲ್ಲದೆ ಹೋದದ್ದು ಆ ಒಂದು ಪಟ್ಟಿ. ಪಟ್ಟಿ ಗಾಳಿಗೆ ಗುಯ್ಯೆಂದು ಅದುರುತ್ತಿದ್ದರೆ ಕಟ್ಟುವ ಮೊದಲು ಒಂದು ತಿರುವು ಕೊಡಿ, ಸದ್ದು ನಿಲ್ಲುತ್ತದೆ.

ಪಟ್ಟಿ ಇಲ್ಲದೆ ಹಗ್ಗವೇ ಗತಿಯಾದರೆ ನಮ್ಮೂರ ಲಾರಿ ಕ್ಲೀನರುಗಳ ಗಂಟು ಕಲಿಯಿರಿ. ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಕೊಕ್ಕೆಗೆ ಸುತ್ತಿ ಮತ್ತೆ ಆ ಕುಣಿಕೆಯೊಳಗಿಂದ ತೂರಿಸಿ ಎಳೆದರೆ, ರಾಟೆಯ ಹಾಗೆ ಎಳೆತ ಹೆಚ್ಚುತ್ತದೆ. ಅಪ್ಪ ನನ್ನ ಮಗಳಿಗೆ ಒಂದೇ ಸಂಜೆಯಲ್ಲಿ ಕಲಿಸಿದರು. ನನಗೆ ಮೂರು ದಿನ ಬೇಕಾಯಿತು.

ಹೊರಟ ಮೇಲೆ ಮೊದಲ ಕೆಲವು ಮೈಲಿಯೊಳಗೆ ಒಮ್ಮೆ ನಿಲ್ಲಿಸಿ ಪಟ್ಟಿಗಳನ್ನು ಮುಟ್ಟಿ ನೋಡಿ. ಸಾಮಾನು ಕೂತ ಮೇಲೆ ಪಟ್ಟಿ ಸಡಿಲವಾಗುವುದು ಸಹಜ. ಲಾರಿ ಚಾಲಕರು ಮೊದಲ 50 ಮೈಲಿಯೊಳಗೆ ಒಮ್ಮೆ ನೋಡಲೇಬೇಕೆಂದು ನಿಯಮವಿದೆ. ಹೊಸ ರ್ಯಾಕಿನ ಬೋಲ್ಟುಗಳನ್ನೂ ಮೊದಲ ತಿಂಗಳು ವಾರಕ್ಕೊಮ್ಮೆ ಬಿಗಿ ಮಾಡಿ, ಮರ ಒಣಗಿದಂತೆ ಕುಗ್ಗುತ್ತದೆ. ರ್ಯಾಕ್ ಸಮೇತ ಟ್ರಕ್ಕಿನ ಎತ್ತರ ಅಳೆದು ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಪಾರ್ಕಿಂಗ್ ಗ್ಯಾರೇಜಿನ ಬಾಗಿಲಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ಬಾಗಿಲು ತಲುಪಿತು

ರ್ಯಾಕ್ ಮುಗಿದ ದಿನ ಅಪ್ಪ ಅದರ ತುದಿ ಹಿಡಿದು ಮೈಯ ಭಾರವೆಲ್ಲ ಹಾಕಿ ಜಗ್ಗಿದರು. ಟ್ರಕ್ಕೇ ಓಲಾಡಿತು, ರ್ಯಾಕ್ ಅಲ್ಲಾಡಲಿಲ್ಲ. "ಪರವಾಗಿಲ್ಲ" ಅಂದರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ನವೆಂಬರಿಗೆ ಮುಂಚೆಯೇ ಅವರು ಊರಿಗೆ ಹೊರಟುಹೋದರು. ಹೋದ ವರ್ಷದ ನಾಟಕಕ್ಕೆ ಹೊಸ ಬಾಗಿಲು ಬರೆದೆವು. ಅದೇ 237, ಅದೇ ದಾರಿ. ಮೂರು ಹಲಗೆ, ನಾಲ್ಕು ಪಟ್ಟಿ, ಗಂಟೆಗೆ 55 ಮೈಲಿ, ಬಲಗಡೆಯ ಲೇನು. ಹಳೆಯ ಜಾಗ ಬಂದಾಗ ಕೈ ಸ್ಟೀರಿಂಗನ್ನು ತಾನಾಗಿಯೇ ಬಿಗಿಯಾಗಿ ಹಿಡಿಯಿತು. ಹಲಗೆ ಮಿಸುಕಲಿಲ್ಲ. ಆ ಸಂಜೆ ಪಾತ್ರಧಾರಿಗಳು ಬಾಗಿಲಿನಿಂದಲೇ ಒಳಗೆ ಬಂದರು. ಫೋಟೋ ಅಪ್ಪನಿಗೆ ಕಳಿಸಿದೆ. "ಹಗ್ಗ ಸರಿಯಾಗಿ ಕಟ್ಟಿದ್ದಾ?" ಎಂದು ಮಾತ್ರ ಕೇಳಿದರು.

ಬಂಧುಗಳೇ, ಸ್ವಂತ ರ್ಯಾಕ್ ಮಾಡಲೇಬೇಕೆಂದೇನೂ ಇಲ್ಲ. ಬಾಡಿಗೆಗೆ ಮುಚ್ಚಿದ ವ್ಯಾನು ಸಿಗುತ್ತದೆ, ಮನೆಗೇ ತಲುಪಿಸುವ ಅಂಗಡಿಗಳಿವೆ. ವರ್ಷಕ್ಕೊಮ್ಮೆ ಸಾಮಾನು ಸಾಗಿಸುವವರಿಗೆ ಅದೇ ಒಳ್ಳೆಯದು. ಆದರೆ ಹೊಸದಾಗಿ ಬಂದ ಹುಡುಗರು ಹಾಸಿಗೆಯನ್ನು ಕಾರಿನ ಮೇಲೆ ಹಾಕಿ ಕೈಯಲ್ಲಿ ಹಿಡಿದುಕೊಂಡು ಹೊರಡುವುದನ್ನು ಕಂಡರೆ ದಯವಿಟ್ಟು ಒಂದು ನಿಮಿಷ ತಡೆದು ನಿಲ್ಲಿಸಿ. ಎರಡು ಪಟ್ಟಿಯ ಬೆಲೆ ಎಷ್ಟಿದ್ದೀತು? ಹಿಂದಿನ ಕಾರಿನಲ್ಲಿ ಬರುವವರೂ ಯಾರದೋ ಮನೆಯ ಮಕ್ಕಳು. ಸಾಮಾನೂ ಮನೆ ತಲುಪಲಿ, ಅವರೂ ಮನೆ ತಲುಪಲಿ.